ಪೂರ್ವ ಜರ್ಮನಿಯ ಎಂ56 ಉಕ್ಕಿನ ಹೆಲ್ಮೆಟ್: ಮೊದಲು ಒಳಭಾಗ ನೋಡಿ

ಎರಡನೇ ಮಹಾಯುದ್ಧದ ನಂತರದ ಯುರೋಪಿನ ಸೈನಿಕ ಹೆಲ್ಮೆಟ್‌ಗಳನ್ನು ಸಂಗ್ರಹಿಸಲು ಹೊರಟವರು ಎಂ56ರಿಂದ ಶುರುಮಾಡುವುದು ಒಳ್ಳೆಯದು. 1956ರಲ್ಲಿ ಹುಟ್ಟಿದ ಪೂರ್ವ ಜರ್ಮನಿಯ ಸೇನೆ 1990ರಲ್ಲಿ ದೇಶದೊಂದಿಗೇ ಇಲ್ಲವಾಯಿತು. ಉಗ್ರಾಣಗಳಲ್ಲಿದ್ದ ಹೆಲ್ಮೆಟ್‌ಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಕೊನೆಯ ಕಾಲದವು ಈಗಲೂ ಸುಲಭವಾಗಿ ಸಿಗುತ್ತವೆ. ಆಕಾರ ಮಾತ್ರ ಯುದ್ಧಕಾಲದ ಜರ್ಮನ್ ಪ್ರಯೋಗಗಳಿಂದ ಬಂದದ್ದು. ಬಡಿದ ಸಿಡಿಗುಂಡಿನ ಚೂರು ಜಾರಿಹೋಗಲೆಂದು ಬದಿಗಳನ್ನು ಇಳಿಜಾರಾಗಿಸಿದ್ದಾರೆ. ನೋಡಲೂ ಬಲು ಚೆಂದ.

ಬೆಲೆ ನಿರ್ಧಾರವಾಗುವುದು ಒಳಗೆ. ಆರಂಭದ ಹೆಲ್ಮೆಟ್‌ಗಳಲ್ಲಿ ಹಳೆಯ ಜರ್ಮನ್ ಪದ್ಧತಿಯ ಚರ್ಮದ ಲೈನರ್ (ತಲೆಗೆ ತಾಗುವ ಒಳಪದರ) ಇದೆ, ಅದನ್ನು ಹಿಡಿದ ರಿವೆಟ್‌ಗಳ ತಲೆ ಹೊರಗಿನಿಂದ ಕಾಣುತ್ತದೆ. ಕೊನೆಯ ಮಾದರಿಯ ಮೈ ನುಣುಪು, ರಿವೆಟ್ ಕಾಣದು. ಗದ್ದಪಟ್ಟಿ ಬೂದು ಬಣ್ಣದ ನೇಯ್ದ ಪಟ್ಟಿ. ‘ಮೊದಲ ಮಾದರಿ’ ಎಂದು ಹೆಚ್ಚು ಬೆಲೆ ಹೇಳಿದರೆ ಒಳಗಿನ ನಾಲ್ಕು ಫೋಟೊ ಕೇಳಿ: ನೆತ್ತಿ, ಎರಡು ಬದಿ, ಹಿಂಭಾಗದ ಮುದ್ರೆ. ಕೊಡಲೊಪ್ಪದವರಿಂದ ಕೊಳ್ಳಬೇಡಿ.

ಮೆರವಣಿಗೆಗೆಂದು ಮಾಡಿದ ಹಗುರ ಪ್ಲಾಸ್ಟಿಕ್ ಹೆಲ್ಮೆಟ್ ಕೂಡ ಇದೇ ಆಕಾರದ್ದು. ಫೋಟೊದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ತೂಕ ಕೇಳಿ. ಕೈಗೆ ಸಿಕ್ಕರೆ ಅಯಸ್ಕಾಂತ ಹಚ್ಚಿ ನೋಡಿ. ಮರುಬಣ್ಣ ಪತ್ತೆಹಚ್ಚಲು ಚರ್ಮದ ಪಟ್ಟಿಯ ಅಂಚು ಮತ್ತು ಗದ್ದಪಟ್ಟಿಯ ಬಳೆ ಪರೀಕ್ಷಿಸಿ. ಅಲ್ಲಿ ಬಣ್ಣ ಮೆತ್ತಿದ್ದರೆ ಲೈನರ್ ಬಿಚ್ಚದೆಯೇ ಬಳಿದಿದ್ದಾರೆ ಎಂದರ್ಥ.

ಹೋಲಿಕೆಗೆ ನೋಡಿದರೆ ಫ್ರಾನ್ಸಿನ ಎಂ51ರಲ್ಲಿ ಹೊರಚಿಪ್ಪು ಬೇರೆ, ಲೈನರ್ ಬೇರೆ, ಜೋಡಿ ಅದಲುಬದಲಾಗಿರುತ್ತದೆ. ಇಟಲಿಯ ಎಂ33 ಇನ್ನೂ ಕಷ್ಟ, ಯುದ್ಧಕ್ಕೆ ಮುಂಚಿನ ಚಿಪ್ಪಿಗೇ ಹೊಸ ಬಣ್ಣ ಬಳಿದು ಮತ್ತೆ ಬಳಸಿದ್ದಾರೆ. ಎಂ56ರಲ್ಲಿ ಈ ಗೊಂದಲ ಕಡಿಮೆ.

ದೌರ್ಬಲ್ಯವೆಂದರೆ ಚರ್ಮ. ಒಣಗಿದ ಪಟ್ಟಿಯನ್ನು ಮಡಿಸಿದರೆ ರಿವೆಟ್ ಪಕ್ಕದಲ್ಲೇ ಸೀಳುತ್ತದೆ. ಎಣ್ಣೆ ಸುರಿಯಬೇಡಿ, ಚರ್ಮ ಮೆತ್ತಗಾಗಿ ಹೊಲಿಗೆ ಬಿಡುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಆಮ್ಲರಹಿತ ಕಾಗದ ಉಂಡೆಮಾಡಿ ಒಳಗೆ ತುಂಬಿ. ಬಣ್ಣ ಕಿತ್ತು ಬರಿಯ ಉಕ್ಕು ಕಂಡಲ್ಲಿ ಮಾತ್ರ ತುಕ್ಕನ್ನು ಅತಿ ನುಣುಪಾದ ಸ್ಟೀಲ್ ವೂಲ್‌ನಿಂದ ಮೆಲ್ಲಗೆ ಉಜ್ಜಿ, ತೆಳುವಾಗಿ ಮೇಣ ಸವರಿ. ಮೂಲ ಬಣ್ಣ ಎಷ್ಟೇ ಸವೆದಿರಲಿ, ಮೇಲೆ ಹೊಸದು ಬಳಿದರೆ ಸಂಗ್ರಹಕಾರರ ದೃಷ್ಟಿಯಲ್ಲಿ ಬೆಲೆ ಬಿದ್ದುಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗಿನ ತೇವಕ್ಕೆ ತುಕ್ಕೂ ಬೂಷ್ಟೂ ಒಟ್ಟಿಗೇ ಹಿಡಿಯುತ್ತವೆ. ಗದ್ದಪಟ್ಟಿ ಹಿಡಿದು ಮೊಳೆಗೆ ನೇತುಹಾಕುವುದೂ ಬೇಡ.