ಹತ್ತಿ ಕಪ್ಪಾಯಿತೆಂದರೆ ಕೊಳೆ ಬಂತೆಂದು ತಿಳಿಯಬೇಡಿ: ಮನೆಯಲ್ಲಿ ರೆಕಾರ್ಡ್ ತೊಳೆಯುವವರಿಗೆ

ಒಂದೇ ಸಂಜೆ ಮೂರು ರೆಕಾರ್ಡುಗಳು ಹಾಳಾದವು. ತೊಳೆಯುವ ಮೊದಲು ಮೂರರ ಮೇಲೂ ಇದ್ದದ್ದು ದೂಳು, ಅಲ್ಲಲ್ಲಿ ಬೆರಳಿನ ಗುರುತು, ಅಷ್ಟೇ. ಹಾಗೇ ಬಿಟ್ಟಿದ್ದರೆ ಇನ್ನೂ ಹತ್ತು ವರ್ಷ ಬಿಟ್ಟು ತೊಳೆದರೂ ಸರಿಹೋಗುತ್ತಿದ್ದವು. ಇದೇ ತಪ್ಪು ಮನೆಮನೆಯಲ್ಲೂ ನಡೆಯುತ್ತದೆ. ಅದಕ್ಕೇ ಏನಾಯಿತು, ಏಕಾಯಿತು ಎಂಬುದನ್ನು ಬಿಡಿಸಿ ಬರೆಯಬೇಕಾಗಿದೆ.

ಮೊದಲನೆಯದು 78 ಆರ್‌ಪಿಎಂನ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಹಳೆಯ ಗ್ರಾಮಫೋನ್ ತಟ್ಟೆ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ ತಕ್ಷಣ ಹತ್ತಿ ಕಪ್ಪಗಾಯಿತು. ಇಷ್ಟೊಂದು ಕೊಳೆ ಕೂತಿತ್ತಲ್ಲ ಎಂದುಕೊಂಡು ಹತ್ತಿ ಬದಲಾಯಿಸಿ ಮತ್ತೆ ಒರೆಸಿದ್ದಾಯಿತು. ಅದೂ ಕಪ್ಪು. ಮೂರನೆಯದೂ ಕಪ್ಪು. ನಾಲ್ಕನೆಯ ಹತ್ತಿ ತಟ್ಟೆಗೆ ಸ್ವಲ್ಪ ಅಂಟಿಕೊಂಡಿತು, ಎಳೆದರೆ ನೂಲು ನೂಲಾಗಿ ಬಂತು. ಆಗ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ಒರೆಸಿದ ಕಡೆಯಲ್ಲೆಲ್ಲ ಹೊಳಪು ಸತ್ತು ಬೂದು ಪಟ್ಟೆ. ಕೈ ಹೋದ ದಾರಿ ಹಾಗೆಹಾಗೇ ಅಚ್ಚೊತ್ತಿತ್ತು. ಹತ್ತಿಗೆ ಬಂದದ್ದು ಕೊಳೆಯಲ್ಲ, ತಟ್ಟೆಯೇ.

ಕಾರಣ ಸರಳ. ವಿನೈಲ್ ಎಂಬ ಪ್ಲಾಸ್ಟಿಕ್‌ನ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ತಟ್ಟೆ, ಬಂದದ್ದು 1948ರಲ್ಲಿ. ಅದಕ್ಕೂ ಮುಂಚಿನ 78 ತಟ್ಟೆಗಳು ಬಹುಮಟ್ಟಿಗೆ ಶೆಲಾಕ್‌ನವು, ಅಂದರೆ ಅರಗಿನವು. ಅರಗಿಗೆ ನುಣ್ಣನೆಯ ಕಲ್ಲಿನ ಪುಡಿ, ನಾರು, ಇದ್ದಿಲಿನ ಕಪ್ಪು ಬೆರೆಸಿ, ಬಿಸಿ ಮಾಡಿ ಒತ್ತಿದ ತಟ್ಟೆ ಅದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಮರದ ಸಾಮಾನಿಗೆ ಪಾಲಿಶ್ ಹಾಕುವವರು ಅರಗಿನ ಹಕ್ಕಳೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕುವುದು ಇದೇ ಕಾರಣಕ್ಕೆ. ತಟ್ಟೆಯ ಮೇಲೆ ಸ್ಪಿರಿಟ್ ಬಿದ್ದಾಗ ಅಂಟು ಕರಗಿ ಕಪ್ಪು ಪುಡಿ ಬಿಡುಗಡೆಯಾಗುತ್ತದೆ. ಅದು ಹತ್ತಿಗೆ ಹತ್ತಿದಾಗ ನೋಡುವವರಿಗೆ ಥೇಟ್ ಕೊಳೆಯಂತೆಯೇ ಕಾಣುತ್ತದೆ. ಹೆಚ್ಚು ಒರೆಸಿದಷ್ಟೂ ಹೆಚ್ಚು ಕಪ್ಪು, ಹೆಚ್ಚು ಕಪ್ಪಾದಷ್ಟೂ ಹೆಚ್ಚು ಒರೆಸುವ ಆಸೆ. ಈ ಸುಳಿಯಲ್ಲಿ ಸಿಕ್ಕವರು ತಟ್ಟೆ ಪೂರ್ತಿ ಕೆಡುವ ತನಕ ನಿಲ್ಲಿಸುವುದಿಲ್ಲ. ಸರ್ಜಿಕಲ್ ಸ್ಪಿರಿಟ್, ಐಸೊಪ್ರೊಪೈಲ್ ಆಲ್ಕೋಹಾಲ್, ಹ್ಯಾಂಡ್ ಸ್ಯಾನಿಟೈಸರ್, ಟಿವಿ, ಫೋನ್ ಪರದೆ ಒರೆಸುವ ಕೆಲವು ಸ್ಪ್ರೇಗಳು, ಎಲ್ಲವೂ ಅರಗಿಗೆ ವಿಷ. ಅಮೋನಿಯಾ ಇರುವ ಗಾಜಿನ ಕ್ಲೀನರ್, ಬೋರಾಕ್ಸ್, ವಾಷಿಂಗ್ ಸೋಡಾ ಕೂಡ ಅಷ್ಟೇ. ಕ್ಷಾರದಲ್ಲೂ ಅರಗು ಕರಗುತ್ತದೆ.

ಹಾಗಾಗಿ ಬಾಟಲಿಯ ಮುಚ್ಚಳ ತೆಗೆಯುವ ಮೊದಲು ಕೈಯಲ್ಲಿರುವ ತಟ್ಟೆ ಯಾವುದರಿಂದ ಆದದ್ದು ಎಂದು ಗೊತ್ತುಮಾಡಿಕೊಳ್ಳಿ. ಲೇಬಲ್ ಮೇಲೆ 78 ಎಂದಿದೆಯೇ? ತಟ್ಟೆ ದಪ್ಪ, ಭಾರ, ಸ್ವಲ್ಪವೂ ಬಳುಕದು ಅನ್ನಿಸುತ್ತದೆಯೇ? ಬೆರಳ ಗೆಣ್ಣಿನಿಂದ ಅಂಚನ್ನು ಮೆಲ್ಲಗೆ ತಟ್ಟಿದರೆ ಪಿಂಗಾಣಿಯಂಥ ಗಟ್ಟಿ ಸದ್ದು ಬರುತ್ತದೆಯೇ? ಹಾಗಾದರೆ ಅರಗು. ಬಳುಕಿಸಿ ಪರೀಕ್ಷೆ ಮಾಡಲು ಹೋಗಬೇಡಿ, ಅರಗಿನ ತಟ್ಟೆ ಮುರಿಯುತ್ತದೆ. ವಿನೈಲ್‌ನಲ್ಲಿ ಒತ್ತಿದ 78 ತಟ್ಟೆಗಳೂ ಇವೆ, ನಿಜ. ಆದರೆ ಅನುಮಾನವಿದ್ದಾಗ 78 ಅಂದರೆ ಅರಗು ಎಂದೇ ನಡೆದುಕೊಳ್ಳಿ. ವಿನೈಲನ್ನು ಅರಗಿನಂತೆ ತೊಳೆದರೆ ನಷ್ಟವಿಲ್ಲ, ಅರಗನ್ನು ವಿನೈಲಿನಂತೆ ತೊಳೆದರೆ ಉಳಿಗಾಲವಿಲ್ಲ.

ಇನ್ನೆರಡು ಜಾತಿಯ ತಟ್ಟೆಗಳನ್ನು ಮನೆಯಲ್ಲಿ ಮುಟ್ಟಲೇಬೇಡಿ. ನಡುವಿನ ತೂತಿನಲ್ಲೋ ಅಂಚಿನಲ್ಲೋ ಅಲ್ಯೂಮಿನಿಯಂ ಇಣುಕುತ್ತಿದ್ದರೆ ಅದು ಲ್ಯಾಕರ್ ತಟ್ಟೆ. ಒಂದೊಂದೇ ಪ್ರತಿಯಾಗಿ ನೇರ ಕೆತ್ತಿದ ಧ್ವನಿಮುದ್ರಣ ಅದು, ಬೇರೆ ಪ್ರತಿ ಇರುವ ನಂಬಿಕೆ ಇಲ್ಲ. ಆಲ್ಕೋಹಾಲ್ ಅದರ ಮೇಲ್ಪದರವನ್ನೂ ಕರಗಿಸುತ್ತದೆ. ಅದರ ಮೇಲೆ ಬಿಳಿ ಜಿಡ್ಡು ಪುಡಿ ಕಂಡರೆ ಅದು ಒಳಗಿನಿಂದ ಹೊರಬಿದ್ದ ಕೊಬ್ಬಿನಾಮ್ಲ, ಬೂಷ್ಟಲ್ಲ. ಇನ್ನೊಂದು, ಕಾಲು ಇಂಚು ದಪ್ಪದ ಎಡಿಸನ್ ಡೈಮಂಡ್ ಡಿಸ್ಕ್. ಅದರ ತಿರುಳು ನೀರು ಹೀರಿ ಉಬ್ಬುತ್ತದೆ, ಮೇಲ್ಪದರ ಸೀಳುತ್ತದೆ.

ಎರಡನೆಯದರ ಕಥೆ ಬೇರೆ. ಅದು ಒಳ್ಳೆಯ ವಿನೈಲ್ ಎಲ್‌ಪಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ನಲ್ಲಿಯ ಕೆಳಗೆ ಹಿಡಿದು, ಮೆತ್ತನೆ ಬಟ್ಟೆಯಲ್ಲಿ ಒರೆಸಿದ್ದು. ಕಣ್ಣಿಗೆ ಕನ್ನಡಿಯಂತಾಯಿತು. ಹಾಕಿ ಕೇಳಿದರೆ ಮೊದಲಿಲ್ಲದ ಸುಂಯ್ ಸದ್ದು ಆದಿಯಿಂದ ಅಂತ್ಯದವರೆಗೆ, ಐದನೇ ನಿಮಿಷಕ್ಕೆ ದನಿ ಮಂಕು. ಮುಳ್ಳನ್ನು ಎತ್ತಿ ಭೂತಗನ್ನಡಿಯಲ್ಲಿ ನೋಡಿದಾಗ ತುದಿಯಲ್ಲಿ ಬೂದು ಬಣ್ಣದ ಹಿಟ್ಟಿನಂಥ ಗಂಟು ಕೂತಿತ್ತು.

ಎಲ್‌ಪಿಯ ಗೆರೆ ಕೂದಲೆಳೆಯಷ್ಟೇ ಅಗಲ. ಒಂದು ಬದಿ 20 ನಿಮಿಷ ನುಡಿದರೆ ಮುಳ್ಳು 400 ಮೀಟರಿಗೂ ಮಿಕ್ಕಿ ಗೆರೆಯೊಳಗೆ ನಡೆದಿರುತ್ತದೆ. ಆ ಉದ್ದಕ್ಕೂ ತಳದಲ್ಲಿ ಒಣಗಿ ಕೂತದ್ದನ್ನೆಲ್ಲ ಅದು ಗೋರುತ್ತಾ ಹೋಗುತ್ತದೆ. ನಲ್ಲಿ ನೀರಿನ ಟಿಡಿಎಸ್ 300 ಅಂದರೆ ಲೀಟರಿಗೆ 300 ಮಿಲಿಗ್ರಾಂ ಲವಣ. ಒರೆಸಿದ ಮೇಲೂ 5 ಮಿ.ಲೀ. ನೀರು ಉಳಿದು ಒಣಗಿತು ಎನ್ನೋಣ, 1.5 ಮಿಲಿಗ್ರಾಂ ಲವಣ ಗೆರೆಯ ತಳಕ್ಕೆ ಇಳಿಯಿತು. ಪಾತ್ರೆಯ ಮೇಲಾದರೆ ಅದು ಒಂದು ಬಿಳಿ ಕಲೆ. ಕೂದಲೆಳೆಯ ಅಗಲದ ಗೆರೆಯಲ್ಲಿ ಅದು ದಾರಿ ತುಂಬಾ ಜಲ್ಲಿ. ಅದರ ಜೊತೆ ಪಾತ್ರೆ ಲಿಕ್ವಿಡ್‌ನಲ್ಲಿ ಗಟ್ಟಿಯಾಗಲೆಂದು ಹಾಕಿದ ಉಪ್ಪು, ಬಣ್ಣ, ಪರಿಮಳ, ಕೆಲವದರಲ್ಲಿ ಕೈ ಒಡೆಯದಿರಲು ಹಾಕಿದ ಎಣ್ಣೆಯಂಥ ವಸ್ತು. ಹ್ಯಾಂಡ್ ಸ್ಯಾನಿಟೈಸರ್‌ನಲ್ಲಾದರೆ ಗ್ಲಿಸರಿನ್. ಇವು ನೀರಿನ ಜೊತೆ ಆರಿಹೋಗುವುದಿಲ್ಲ. ಬಟ್ಟೆಯ ಎಳೆ ಗೆರೆಯ ತಳ ಮುಟ್ಟುವುದೂ ಇಲ್ಲ. ಕರಗಿದ ಕೊಳೆ ದ್ರವದ ಜೊತೆಗೇ ತಟ್ಟೆಯಿಂದಾಚೆ ಹೋಗಬೇಕು. ಹೋಗದಿದ್ದರೆ, ಮೇಲೆ ಚದುರಿದ್ದ ದೂಳನ್ನು ಕೆಸರು ಮಾಡಿ ಗೆರೆಯೊಳಗೆ ಗಾರೆ ಹಾಕಿದಂತೆ ಆಗುತ್ತದೆ.

ಮೂರನೆಯದರ ವಿಚಾರ ಎರಡೇ ಮಾತು: ಬಿಸಿನೀರಲ್ಲಿ ತೊಳೆದು, ಬೇಗ ಒಣಗಲಿ ಎಂದು ಗೋಡೆಗೊರಗಿಸಿ ಬಿಸಿಲಿಗೆ ಇಟ್ಟದ್ದು. ಅರ್ಧ ಗಂಟೆಯಲ್ಲಿ ತಟ್ಟೆ ಹಪ್ಪಳದಂತೆ ಏರಿಳಿಯಿತು. ಕಪ್ಪು ವಿನೈಲ್ ಬಿಸಿಲನ್ನು ಹೀರುತ್ತದೆ. 50 ಡಿಗ್ರಿ ದಾಟುವ ಹೊತ್ತಿಗೇ ಅಪಾಯದ ಅಂಚಿನಲ್ಲಿರುತ್ತದೆ. ನೀರು 35 ಡಿಗ್ರಿ ಮೀರಬಾರದು, ಅಂದರೆ ಕೈಗೆ ಬೆಚ್ಚಗೂ ಅನ್ನಿಸಬಾರದು. ಹೇರ್ ಡ್ರೈಯರ್ ಬೇಡವೇ ಬೇಡ.

ತೊಳೆಯಲೇಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಿ. 78 ತಟ್ಟೆ ಬುಸುಗುಟ್ಟುತ್ತಿದ್ದರೆ ಮೊದಲು ಮುಳ್ಳನ್ನು ನೋಡಿ. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ಕ್ಕೆ ಬೇಕಾದದ್ದು 76ರ ಹತ್ತಿರದ್ದು. ಸಣ್ಣ ಮುಳ್ಳು ಅಗಲದ ಗೆರೆಯ ತಳಕ್ಕೆ ಬಿದ್ದು ಅಲ್ಲಿನ ಕಸವನ್ನೇ ಕೆರೆಯುತ್ತದೆ. ಎಷ್ಟು ತೊಳೆದರೂ ಆ ಸದ್ದು ಹೋಗದು, ಮುಳ್ಳು ಬದಲಾಯಿಸಿದರೆ ತೊಳೆಯದೆಯೇ ಅರ್ಧ ಹೋಗುತ್ತದೆ.

ತೊಳೆಯುವುದೇ ಆದರೆ ಹೀಗೆ ಮಾಡಿ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಅರ್ಧ ಮಿ.ಲೀ., ಅಂದರೆ ಸುಮಾರು 10 ಹನಿ, ನಾನ್-ಅಯಾನಿಕ್ ವೆಟಿಂಗ್ ಏಜೆಂಟ್ ಹಾಕಿ. ಕಪ್ಪು-ಬಿಳುಪು ಫಿಲ್ಮ್ ತೊಳೆದಾದ ಮೇಲೆ ನೀರಿನ ಕಲೆ ಉಳಿಯದಿರಲಿ ಎಂದು ಬಳಸುತ್ತಾರಲ್ಲ, ಅಂಥದ್ದು. ನೀರಿನ ಬಿಗಿ ಕಡಿಮೆ ಮಾಡಿ ಅದು ಗೆರೆಯೊಳಗೆ ಇಳಿಯುವಂತೆ ಮಾಡುವುದೇ ಇದರ ಕೆಲಸ. ಜಾಸ್ತಿ ಹಾಕಿದರೆ ಜಾಸ್ತಿ ಶುಚಿ ಎಂಬ ಲೆಕ್ಕ ಇಲ್ಲಿ ನಡೆಯದು, ಜಾಸ್ತಿಯಾದದ್ದು ತಟ್ಟೆಯಲ್ಲೇ ಉಳಿಯುತ್ತದೆ. ಅರಗಿಗೂ ವಿನೈಲಿಗೂ ಇದೊಂದೇ ದ್ರಾವಣ ಸಾಕು. ವಿನೈಲ್ ಮೇಲೆ ಎಣ್ಣೆಕೈಯ ಗುರುತು ಹಠ ಹಿಡಿದರೆ ಮಾತ್ರ 900 ಮಿ.ಲೀ. ನೀರಿಗೆ 100 ಮಿ.ಲೀ. ಶುದ್ಧ ಐಸೊಪ್ರೊಪೈಲ್ ಸೇರಿಸಿದ ಇನ್ನೊಂದು ಬಾಟಲಿ ಮಾಡಿಟ್ಟುಕೊಳ್ಳಿ. ಅದರ ಮೇಲೆ "78ಕ್ಕೆ ಅಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಸುಮ್ಮನೆ ಹೇಳುವ ಮಾತಲ್ಲ ಇದು. ಎರಡೂ ಬಾಟಲಿ ನೀರಿನಂತೆಯೇ ಕಾಣುತ್ತವೆ. ಆಲ್ಕೋಹಾಲ್ ಸುರಿಯುವಾಗ ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ. 45 ಆರ್‌ಪಿಎಂನ ಕೆಲವು ಚಿಕ್ಕ ತಟ್ಟೆಗಳು ವಿನೈಲ್ ಅಲ್ಲ, ಪಾಲಿಸ್ಟೈರೀನ್ ಎಂಬ ಬೇರೆ ಪ್ಲಾಸ್ಟಿಕ್. ಅವಕ್ಕೂ ಬರೀ ನೀರಿನ ದ್ರಾವಣವೇ ಸರಿ.

ಕಾರ್ಬನ್ ಫೈಬರ್ ಬ್ರಷ್‌ನಿಂದ ಒಣ ದೂಳನ್ನು ಮೊದಲು ತೆಗೆಯಿರಿ. ಈ ಹೆಜ್ಜೆ ಬಿಟ್ಟರೆ ನೀರು ಬಿದ್ದೊಡನೆ ದೂಳು ಕೆಸರಾಗುತ್ತದೆ. ಬೂಷ್ಟು ಹಿಡಿದ ತಟ್ಟೆಯಾದರೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಹೊರಗಡೆ ಮಾಡಿ, ಆ ಬ್ರಷ್ ಬೇರೆ ತಟ್ಟೆಗೆ ಮುಟ್ಟದಿರಲಿ. ಆಮೇಲೆ ತಟ್ಟೆಯನ್ನು ಮೇಜಿನ ಮೇಲೆ ಮಡಚಿದ ಶುಭ್ರ ಟವೆಲ್ ಮೇಲೆ ಇಡಿ. ಪ್ಲೇಯರ್ ಮೇಲೆ ಇಟ್ಟು ತೊಳೆಯಬೇಡಿ. ನೀರು ನಡುಗೂಟದ ಬೇರಿಂಗ್‌ಗೆ ಇಳಿಯುತ್ತದೆ, ಕೈಯ ಭಾರವೂ ಅದರ ಮೇಲೇ ಬೀಳುತ್ತದೆ.

ಲೇಬಲನ್ನು ರಬ್ಬರ್ ಅಂಚಿನ ಲೇಬಲ್ ಗಾರ್ಡ್‌ನಿಂದ ಮುಚ್ಚಿ. ಕಾಗದದ ಲೇಬಲನ್ನು ಅಂಟು ಹಾಕಿ ಅಂಟಿಸಿರುವುದಿಲ್ಲ, ತಟ್ಟೆ ಒತ್ತುವಾಗಲೇ ಅದನ್ನೂ ಸೇರಿಸಿ ಒತ್ತಿರುತ್ತಾರೆ. ಒದ್ದೆಯಾದರೆ ಗುಳ್ಳೆ ಏಳುತ್ತದೆ, ಹಳೆಯ ಶಾಯಿ ಕರಗಿ ಗೆರೆಗಳ ಮೇಲೆ ಹರಿಯುತ್ತದೆ.

12 ಇಂಚಿನ ತಟ್ಟೆಯ ಒಂದು ಬದಿಗೆ 3-4 ಮಿ.ಲೀ. ದ್ರಾವಣ ಸಾಕು. ಮೆತ್ತನೆಯ ಎಳೆಯ ಬ್ರಷ್‌ನಿಂದ ಹರಡಿ. ವಿನೈಲ್ ಆದರೆ ಒಂದು ನಿಮಿಷ ನೆನೆಯಲು ಬಿಡಿ, ಆದರೆ ಆರಲು ಬಿಡಬೇಡಿ. ಅರಗಿನ ತಟ್ಟೆಯನ್ನು ನೆನೆಸುವುದು ಬೇಡ. ಬಿರುಕಿದ್ದರಂತೂ ನೀರು ಒಳಗಿಳಿದು ನಾರು ಉಬ್ಬುತ್ತದೆ, ಅಂಥದ್ದನ್ನು ಒಣ ಬ್ರಷ್‌ಗೇ ಬಿಟ್ಟುಬಿಡಿ. ನಂತರ ಗೆರೆಯ ದಾರಿಯಲ್ಲೇ ಹತ್ತು ಸುತ್ತು, ಹಿಮ್ಮುಖವಾಗಿ ಹತ್ತು ಸುತ್ತು. ನಡುವಿನಿಂದ ಅಂಚಿಗೆ ಅಡ್ಡಡ್ಡ ಉಜ್ಜಬಾರದು, ಪಾತ್ರೆ ತಿಕ್ಕಿದಂತೆ ಸಣ್ಣ ಸಣ್ಣ ಸುತ್ತು ಹೊಡೆಯಲೂಬಾರದು. ಬ್ರಷ್‌ನ ಸ್ವಂತ ಭಾರ ಸಾಕು. ಎಳೆಯ ತುದಿ ಗೆರೆಯೊಳಗೆ ನಿಲ್ಲಬೇಕು. ಒತ್ತಿದರೆ ಎಳೆ ಮಡಚಿಕೊಂಡು ಮೇಲೆ ಮಾತ್ರ ಜಾರುತ್ತದೆ. ಗೋಡೆಯ ಕಲೆ ಉಜ್ಜುವ ಬಿಳಿ ಮೆಲಮೈನ್ ಸ್ಪಂಜನ್ನು ಕೆಲವರು ಬಳಸುತ್ತಾರೆ. ಮುಟ್ಟಿದರೆ ಮೆತ್ತಗಿದ್ದರೂ ಅದು ಮರಳು ಕಾಗದದ ಜಾತಿಯದು.

ಈಗ ಮೈಕ್ರೋಫೈಬರ್ ಬಟ್ಟೆಯನ್ನು ಮೇಲೆ ಹಾಸಿ, ಹಗುರವಾಗಿ ಒತ್ತಿ, ಕೊಳೆನೀರನ್ನು ಹೀರಿಸಿ. ಉಜ್ಜಬೇಡಿ. ಆ ಬಟ್ಟೆಗೆ ಫ್ಯಾಬ್ರಿಕ್ ಕಂಡಿಷನರ್ ಹಾಕಿ ಒಗೆದಿರಬಾರದು, ಅದರ ಜಿಡ್ಡು ತಟ್ಟೆಗೆ ಬರುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಎರಡನೆಯ ರೆಕಾರ್ಡಿಗೆ ಆದದ್ದು ಇದೇ. ಏನೂ ಬೆರೆಸದ ಡಿಸ್ಟಿಲ್ಡ್ ವಾಟರ್ 5 ಮಿ.ಲೀ. ಹಾಕಿ, ಬೇರೆ ಬ್ರಷ್‌ನಿಂದ ನಾಲ್ಕೈದು ಸುತ್ತು ತಿರುಗಿಸಿ, ಬೇರೆ ಬಟ್ಟೆಯಿಂದ ಹೀರಿಸಿ. ಇದನ್ನು ಎರಡು ಸಲ ಮಾಡಿ. ಮೊದಲು ತೊಳೆಯಲು ಬಳಸಿದ ಬ್ರಷ್‌ನಿಂದಲೇ ಜಾಲಿಸಿದರೆ ಕೊಳೆ ಮರಳಿ ಬಂತೆಂದೇ ಅರ್ಥ. ನಾಲ್ಕೈದು ತಟ್ಟೆಯಾದ ಮೇಲೆ ಬಟ್ಟೆಯನ್ನೂ ಬದಲಾಯಿಸಿ. ವ್ಯಾಕ್ಯೂಮ್ ಯಂತ್ರ ಇದ್ದವರು ಒಂದೆರಡು ಸುತ್ತಿಗೆ ನಿಲ್ಲಿಸಬೇಕು. ಒಣಗಿದ ಮೇಲೂ ಎಳೆಯುತ್ತಲೇ ಇದ್ದರೆ ಸ್ಥಾಯಿ ವಿದ್ಯುತ್ ಏರಿ, ಕೋಣೆಯ ದೂಳೆಲ್ಲ ಬಂದು ಕೂರುತ್ತದೆ.

ತಟ್ಟೆ ಇಡುವ ಸ್ಟ್ಯಾಂಡ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ನೆರಳಿನಲ್ಲಿ, ಫ್ಯಾನ್ ಇಲ್ಲದೆ, ಎರಡು ಮೂರು ಗಂಟೆ ಬಿಡಿ. ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಹೆಚ್ಚು ಹೊತ್ತು. ಅರೆ ಒದ್ದೆಯಾದದ್ದನ್ನು ನುಡಿಸಿದರೆ ಮುಳ್ಳು ಉಳಿದ ಕೆಸರನ್ನು ತಳಕ್ಕೆ ಅರೆದು ಕೂರಿಸುತ್ತದೆ. ಒಣಗಿದ ಮೇಲೆ ಹಳೆಯ ಕಾಗದದ ಒಳಕವರಿಗೆ ವಾಪಸು ಹಾಕಬೇಡಿ, ಅದರೊಳಗೆ ವರ್ಷಾನುಗಟ್ಟಲೆಯ ಪುಡಿ ಇರುತ್ತದೆ. ಪಾಲಿಥೀನ್ ಒಳಕವರ್ ಒಳ್ಳೆಯದು. ಪಿವಿಸಿ ಕವರ್ ಬೇಡ. ಅದರಿಂದ ಹೊರಬರುವ ಅಂಶ ವಿನೈಲ್ ಮೇಲೆ ಮಂಜಿನಂಥ ಕಲೆ ಕೂರಿಸುತ್ತದೆ, ಆ ಕಲೆ ಯಾವ ದ್ರಾವಣಕ್ಕೂ ಬಿಡುವುದಿಲ್ಲ.

ಮರಗೆಲಸದ ಬಿಳಿ ಅಂಟನ್ನು ತಟ್ಟೆಗೆ ಹಚ್ಚಿ, ಒಣಗಿಸಿ, ಸುಲಿದು ತೆಗೆಯುವ ಉಪಾಯವೊಂದು ಚಾಲ್ತಿಯಲ್ಲಿದೆ. ವಿನೈಲ್ ಮೇಲೆ ಅದು ಕೆಲವೊಮ್ಮೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ತೆಳ್ಳಗೆ ಹಚ್ಚಿದ ಕಡೆ ಪೊರೆ ಹರಿದು, ಚೂರು ಗೆರೆಯಲ್ಲೇ ಉಳಿಯುತ್ತದೆ. ನೀರಿಗೆ ಕರಗದ ಜಾತಿಯ ಅಂಟಾದರೆ ಆ ಚೂರನ್ನು ಬಿಡಿಸಲು ದಾರಿಯೇ ಇಲ್ಲ. ಅರಗಿನ ತಟ್ಟೆಯ ಮೇಲಂತೂ ಯೋಚಿಸಲೂ ಬೇಡಿ.

ಮೊದಲ ಸಲ ನುಡಿಸಿದ ಮೇಲೆ ಮುಳ್ಳಿನ ತುದಿ ನೋಡಿ. ಬೂದು ಹಿಟ್ಟು ಕಂಡರೆ ಜಾಲಿಸಿದ್ದು ಸಾಲಲಿಲ್ಲ. ಮುಳ್ಳನ್ನು ಹಿಂದಿನಿಂದ ಮುಂದಕ್ಕೆ, ಒಂದೇ ದಿಕ್ಕಿಗೆ ಒರೆಸಿ, ತಟ್ಟೆಯನ್ನು ಮತ್ತೆ ಜಾಲಿಸಿ. ಆ ಸಂಜೆ ಹಾಳಾದ ಮೂರರಲ್ಲಿ ಮತ್ತೆ ಬದುಕಿದ್ದು ಎರಡನೆಯ ಎಲ್‌ಪಿ ಒಂದೇ. ಸೋಪು ಹಾಕದೆ, ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಬದಿಗೆ ಮೂರು ಸಲ ಜಾಲಿಸಿದ ಮೇಲೆ ಸುಂಯ್ ಸದ್ದು ನಿಂತಿತು.