ಡಿಟರ್ಜೆಂಟ್ ಪುಡಿಗೆ ಬದಲಿ: ಅಂಟುವಾಳ, ಸೋಪು, ಸೋಡಾ – ನಾಲ್ಕು ತಿಂಗಳ ಬಳಕೆಯ ನಂತರ

ಮಗಳ ಕತ್ತಿನ ಸುತ್ತ ಮತ್ತು ಮೊಣಕೈ ಮಡಿಕೆಯಲ್ಲಿ ಪದೇಪದೇ ಏಳುತ್ತಿದ್ದ ಕೆಂಪು ದದ್ದುಗಳನ್ನು ನೋಡಿದ ಚರ್ಮವೈದ್ಯರು ಮುಲಾಮು ಬರೆದುಕೊಟ್ಟರು. ಜೊತೆಗೆ, ಬಟ್ಟೆ ಒಗೆಯಲು ಮನೆಯಲ್ಲಿ ಏನು ಬಳಸುತ್ತೇವೆ ಎಂದೂ ವಿಚಾರಿಸಿದರು. ಘಮಘಮಿಸುವ ಪುಡಿಯನ್ನೇ ವರ್ಷಗಟ್ಟಲೆ ಬಳಸುತ್ತಿದ್ದ ನನಗೆ ಆ ಪ್ರಶ್ನೆ ನಾಟಿತು. ಅಂದಿನಿಂದ ನಾಲ್ಕು ತಿಂಗಳು ಚರ್ಮಕ್ಕೆ ಹಿತವಾದ, ಕೈಗೆ ಎಟುಕುವ ಬೆಲೆಯ ಬದಲಿಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ. ಹೋಲಿಕೆಗೆಂದು ಹಳೆಯ ಬಿಳಿ ಹತ್ತಿಯ ಹೊದಿಕೆಯೊಂದನ್ನು ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಚಹಾ, ಅಡುಗೆ ಎಣ್ಣೆ ಮತ್ತು ಕೆಸರಿನ ಕಲೆ ಮಾಡಿ, ಒಂದು ರಾತ್ರಿ ಒಣಗಲು ಬಿಟ್ಟು, ಎಲ್ಲವನ್ನೂ ಒಂದೇ ನಲ್ಲಿಯ ನೀರಿನಲ್ಲಿ ಸಮನಾದ ಹೊತ್ತು ಒಗೆದೆ.

ಸಾಮಾನ್ಯ ಡಿಟರ್ಜೆಂಟಿನಲ್ಲಿ ಕೊಳೆಯನ್ನು ಬಿಡಿಸುವ ಅಂಶದ ಜೊತೆಗೆ ಸೋಡಾ, ಕಿಣ್ವಗಳು, ಸುಗಂಧ ಮತ್ತು ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕಗಳು ಸೇರಿರುತ್ತವೆ. ಈ ಹೊಳಪುಕಾರಕಗಳು ಕೊಳೆಯನ್ನು ತೆಗೆಯುವುದಿಲ್ಲ. ಬಟ್ಟೆಯಲ್ಲೇ ಉಳಿದು, ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ, ನೀಲಿ ಬೆಳಕನ್ನು ಹೊರಸೂಸಿ, ಹಳದಿಗಟ್ಟಿದ ಬಟ್ಟೆಯೂ ಬೆಳ್ಳಗೆ ಕಾಣುವಂತೆ ಮಾಡುತ್ತವೆ. ಬದಲಿಗಳಿಗೆ ಹೊರಳಿದವರಿಗೆ ಮೊದಲ ಕೆಲವು ವಾರ ಬಟ್ಟೆ ಮಂಕಾದಂತೆ ಅನಿಸುವುದಕ್ಕೆ ಇದೂ ಒಂದು ಕಾರಣ. ಸೂಕ್ಷ್ಮ ಚರ್ಮದವರಿಗೆ ತೊಂದರೆ ಕೊಡುವುದರಲ್ಲಿ ಸುಗಂಧ ಮತ್ತು ದ್ರವರೂಪದವುಗಳಲ್ಲಿ ಬಳಸುವ ಕೆಲವು ಸಂರಕ್ಷಕಗಳು ಮುಂದಿರುತ್ತವೆ.

ಅಂಟುವಾಳಕಾಯಿಯ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆಯಿತ್ತು. ಅದರ ಸಿಪ್ಪೆಯಲ್ಲಿ ಸಪೋನಿನ್ ಎಂಬ, ಸ್ವಾಭಾವಿಕವಾಗಿ ನೊರೆ ಕೊಡುವ ಅಂಶವಿದೆ. ಒಳಗಿನ ಗಟ್ಟಿ ಕಪ್ಪು ಬೀಜದಿಂದ ಒಗೆತಕ್ಕೆ ಪ್ರಯೋಜನವಿಲ್ಲದ್ದರಿಂದ ಅದನ್ನು ತೆಗೆಯಬೇಕು. ಸಿಪ್ಪೆಗಳನ್ನು ಸಣ್ಣ ಬಟ್ಟೆಯ ಚೀಲಕ್ಕೆ ತುಂಬಿ ಮೆಷಿನ್ನಿಗೆ ಹಾಕಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತು. ತಣ್ಣೀರಿನಲ್ಲಿ ಹಾಗೆ ಮಾಡಿದಾಗ ನೊರೆಯೇ ಏಳಲಿಲ್ಲ, ಬರಿ ನೀರಿನಲ್ಲಿ ಒಗೆದ ತುಂಡಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಿಪ್ಪೆಗಳನ್ನು ಅರ್ಧ ಗಂಟೆ ಕುದಿಸಿ, ಹಿಸುಕಿ, ಸೋಸಿದ ಮೇಲೆ ಮಾತ್ರ ಅದರ ಗುಣ ಗೊತ್ತಾಯಿತು. ಕಂದು ಬಣ್ಣದ, ಬೆರಳಿಗೆ ಜಾರುವ, ತುಸು ಹುಳಿ ವಾಸನೆಯ ಆ ರಸವನ್ನು ಉಗುರುಬೆಚ್ಚಗಿನ ನೀರಿಗೆ ಬೆರೆಸಿ ಅಲುಗಿಸಿದರೆ ಸಣ್ಣ ಗುಳ್ಳೆಗಳ ದಟ್ಟ ನೊರೆ ಏಳುತ್ತದೆ. ಉಣ್ಣೆಯ ಶಾಲನ್ನು ಅದರಲ್ಲಿ ಹತ್ತು ನಿಮಿಷ ನೆನೆಸಿ, ಉಜ್ಜದೆ, ಬರಿ ಒತ್ತಿ ತೊಳೆದೆ. ಒಣಗಿದ ಮೇಲೆ ಅದು ಕುಗ್ಗಿರಲಿಲ್ಲ, ಬಿರುಸಾಗಿರಲಿಲ್ಲ, ಅಂಚಿನ ಗೊಂಡೆಗಳು ಬಿಡಿಬಿಡಿಯಾಗಿಯೇ ಇದ್ದವು. ಉಣ್ಣೆ ಮತ್ತು ರೇಷ್ಮೆ ಎರಡೂ ಪ್ರೋಟೀನಿನ ನಾರುಗಳಾದ್ದರಿಂದ ಕ್ಷಾರವನ್ನು ತಾಳಿಕೊಳ್ಳುವುದಿಲ್ಲ. ಅಂಟುವಾಳದ ರಸದಲ್ಲಿ ಕ್ಷಾರವಿಲ್ಲದಿರುವುದೇ ಇಲ್ಲಿ ಅದರ ದೊಡ್ಡ ಗುಣ. ಆದರೆ ಚಹಾದ ಕಲೆ ಹಾಗೆಯೇ ಉಳಿಯಿತು, ಎಣ್ಣೆಯ ಕಲೆ ಮಾಸಿತೇ ಹೊರತು ಹೋಗಲಿಲ್ಲ, ಕಾಲರಿನ ಜಿಡ್ಡಿಗಂತೂ ಅದರ ಶಕ್ತಿ ಸಾಲದು. ಕುದಿಸಿದ ರಸವನ್ನು ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಹುಳಿಯುತ್ತದೆ, ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಸಪೋನಿನ್ ಮೀನುಗಳಿಗೆ ವಿಷವಾದ್ದರಿಂದ, ಸಸ್ಯಮೂಲದ್ದಾದರೂ ಒಗೆದ ನೀರನ್ನು ನೇರವಾಗಿ ಕೆರೆಗೋ ಹೊಳೆಗೋ ಬಿಡಬಾರದು.

ಎರಡನೆಯದು ತುರಿದ ಬಾರ್ ಸೋಪು ಮತ್ತು ವಾಷಿಂಗ್ ಸೋಡಾದ ಮಿಶ್ರಣ. ಖರ್ಚಿನಲ್ಲಿ ಇದಕ್ಕಿಂತ ಅಗ್ಗದ್ದು ಬಹುಶಃ ಇಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದಾದ್ದರಿಂದ ಇದನ್ನು ಹೊಗಳುವವರೂ ಬಹಳ, ಆದರೆ ಮೊದಲು ನೋಡಬೇಕಾದದ್ದು ನೀರು. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿದ್ದರೆ ಸೋಪು ಅವುಗಳೊಂದಿಗೆ ಸೇರಿ, ಕರಗದ ಅಂಟು ಗಸಿಯಾಗಿ ಬಟ್ಟೆಯ ಮೇಲೆ ಕೂರುತ್ತದೆ. ಡಿಟರ್ಜೆಂಟ್ ಹೀಗೆ ಒಡೆಯುವುದಿಲ್ಲ, ಗಡಸು ನೀರಿರುವ ಕಡೆ ಅದು ಸೋಪನ್ನು ಹಿಂದಕ್ಕೆ ತಳ್ಳಿದ್ದು ಈ ಗುಣದಿಂದಲೇ. ಪರೀಕ್ಷೆ ಸುಲಭವಾಗಿದೆ: ಬಾಟಲಿಯಲ್ಲಿ ಅರ್ಧದಷ್ಟು ನೀರು ತೆಗೆದುಕೊಂಡು, ನಾಲ್ಕು ಎಸಳು ಸೋಪಿನ ತುರಿ ಹಾಕಿ ಕುಲುಕಿದಾಗ ನೊರೆ ನಿಂತರೆ ನೀರು ಮೆದು, ನೊರೆ ಕುಸಿದು, ಒಡೆದ ಹಾಲಿನಂತೆ ಬಿಳಿ ಚೂರುಗಳು ತೇಲಿದರೆ ಗಡಸು. ನಮ್ಮ ನಲ್ಲಿಯ ನೀರು ಎರಡನೆಯ ಬಗೆಯದು. ಮೂರು ವಾರದಲ್ಲಿ ಟವೆಲುಗಳು ಬೂದು ಬಣ್ಣಕ್ಕೆ ತಿರುಗಿ, ಮುಖ ಒರೆಸಿಕೊಂಡರೆ ನೀರು ಹೀರದೆ ಜಾರುವಂತಾದವು. ಮೊದಲು ಸೋಡಾವನ್ನು ಪೂರ್ತಿ ಕರಗಿಸಿ, ಐದು ನಿಮಿಷ ಬಿಟ್ಟು ಆಮೇಲೆ ಸೋಪು ಹಾಕಿದರೆ, ಸೋಡಾ ಕ್ಯಾಲ್ಸಿಯಂ ಅನ್ನು ಸುಣ್ಣದ ಪುಡಿಯಾಗಿ ಕೂರಿಸಿಬಿಡುವುದರಿಂದ ಪರಿಸ್ಥಿತಿ ಸುಧಾರಿಸುತ್ತದೆ, ಪೂರ್ತಿ ಸರಿಹೋಗುವುದಿಲ್ಲ. ಮೆದು ನೀರಿದ್ದು, ಹತ್ತಿಯ ಬಟ್ಟೆಯೇ ಹೆಚ್ಚಿರುವ ಮನೆಗೆ ಈ ಮಿಶ್ರಣವನ್ನು ಧೈರ್ಯವಾಗಿ ಹೇಳುತ್ತೇನೆ. ಉಣ್ಣೆ ಮತ್ತು ರೇಷ್ಮೆಗೆ ಇದು ಸಲ್ಲದು. ವಾಷಿಂಗ್ ಸೋಡಾದ ದ್ರಾವಣದ ಪಿಎಚ್ 11ರ ಆಸುಪಾಸಿನಲ್ಲಿರುವುದರಿಂದ, ಅಂದರೆ ಕ್ಷಾರ ತೀಕ್ಷ್ಣವಾಗಿರುವುದರಿಂದ, ಕೈಯಲ್ಲಿ ಒಗೆಯುವವರು ಗ್ಲೌಸ್ ಹಾಕಿಕೊಳ್ಳಬೇಕು.

ಅಡುಗೆ ಸೋಡಾ ಬೆವರಿನ ವಾಸನೆಯನ್ನು ಕಡಿಮೆ ಮಾಡುತ್ತದೆ, ಅದರಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು. ವಿನೆಗರ್ ಕೊಳೆ ತೆಗೆಯುವುದಿಲ್ಲ, ಆದರೆ ಕೊನೆಯ ಜಾಲಿಸುವ ನೀರಿಗೆ ಅರ್ಧ ಲೋಟ ಹಾಕಿದಾಗ ಗಸಿ ಕೂತಿದ್ದ ಟವೆಲುಗಳು ಎರಡು ಒಗೆತದಲ್ಲಿ ಮೆತ್ತಗಾದವು. ಎರಡನ್ನೂ ಒಟ್ಟಿಗೆ ಹಾಕಿದರೆ ಆಮ್ಲ ಮತ್ತು ಕ್ಷಾರ ಒಂದನ್ನೊಂದು ಕಳೆದುಕೊಂಡು, ಗುಳ್ಳೆ ಬಂದದ್ದಷ್ಟೇ ಲಾಭ. ಪದೇಪದೇ ಬಳಸಿದರೆ ವಿನೆಗರ್ ಮೆಷಿನ್ನಿನ ರಬ್ಬರ್ ಭಾಗಗಳನ್ನು ಸವೆಸಬಹುದು. ಕ್ಲೋರಿನ್ ಬ್ಲೀಚಿನೊಂದಿಗೆ ಅದನ್ನು ಎಂದಿಗೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಚಹಾದ ಕಲೆಯನ್ನು ನಿಜವಾಗಿ ತೆಗೆದದ್ದು ಸೋಡಿಯಂ ಪರ್ಕಾರ್ಬೊನೇಟ್. ಆಮ್ಲಜನಕದ ಬ್ಲೀಚ್ ಎಂಬ ಹೆಸರಿನಲ್ಲಿ ಸಿಗುವ ಈ ಬಿಳಿ ಪುಡಿ ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೋಡಾ ಆಗಿ ಬಿಡಿಸಿಕೊಳ್ಳುತ್ತದೆ. ನೀರು 40 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿದ್ದರೆ ಅದರ ಕೆಲಸ ಚುರುಕು. ಒಂದು ಗಂಟೆ ನೆನೆಸಿಟ್ಟ ತುಂಡಿನಲ್ಲಿ ಕಲೆ ಎಲ್ಲಿತ್ತು ಎಂದು ಹುಡುಕಬೇಕಾಯಿತು. ಸುಗಂಧವೂ ಇಲ್ಲ, ಹೊಳಪುಕಾರಕವೂ ಇಲ್ಲ. ಕ್ಷಾರೀಯವಾದ್ದರಿಂದ ಇದನ್ನೂ ಉಣ್ಣೆ ಮತ್ತು ರೇಷ್ಮೆಯಿಂದ ದೂರವಿಡಬೇಕು.

ಇಷ್ಟೆಲ್ಲ ಆದ ಮೇಲೆ, ಹಳೆಯ ಪುಡಿಯಲ್ಲಿ ಒಗೆದು ಮಡಚಿಟ್ಟಿದ್ದ ಟವೆಲೊಂದನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿ ಕಿವುಚಿದೆ. ಏನನ್ನೂ ಹಾಕದ ಆ ನೀರಿನ ಮೇಲೆ ಬೆರಳುದ್ದ ನೊರೆ ಬಂದು ನಿಂತಿತು. ಮಗಳು ಪ್ರತಿದಿನ ಮೈ ಒರೆಸಿಕೊಳ್ಳುತ್ತಿದ್ದದ್ದು ಈ ಟವೆಲಿನಲ್ಲಿ ಎಂದು ಹೊಳೆದಾಗ ಹೊಟ್ಟೆ ಚುರುಕ್ ಎಂದಿತು. ಪುಡಿಯ ಬಗೆಯಷ್ಟೇ, ಅದರ ಪ್ರಮಾಣವೂ ನಮ್ಮ ತಪ್ಪಾಗಿತ್ತು. ಈಗ ದಿನಬಳಕೆಯ ಬಟ್ಟೆಗೆ ಸುಗಂಧವಿಲ್ಲದ, ಬಣ್ಣವಿಲ್ಲದ ದ್ರವ ಡಿಟರ್ಜೆಂಟನ್ನು ಮುಚ್ಚಳದ ಗುರುತಿಗಿಂತ ಅರ್ಧದಷ್ಟು ಮಾತ್ರ ಹಾಕಿ, ಒಂದು ಬಾರಿ ಹೆಚ್ಚಿಗೆ ಜಾಲಿಸುತ್ತೇನೆ. ಬಾಟಲಿ ದುಪ್ಪಟ್ಟು ದಿನ ಬರುವುದರಿಂದ ಖರ್ಚೂ ಹಿಡಿತದಲ್ಲಿದೆ. ಕೊಳ್ಳುವಾಗ ಗಮನಿಸಬೇಕಾದದ್ದೊಂದಿದೆ: ವಾಸನೆಯಿಲ್ಲ ಎಂದು ಬರೆದ ಕೆಲವದರಲ್ಲಿ ಮೂಲದ ವಾಸನೆಯನ್ನು ಮುಚ್ಚಲು ಸುಗಂಧವನ್ನೇ ಸೇರಿಸಿರಬಹುದು, ಹಾಗಾಗಿ ಸುಗಂಧ ಸೇರಿಸಿಲ್ಲ ಎಂಬ ಮಾತು ಮತ್ತು ಹಿಂಬದಿಯ ಪಟ್ಟಿ ಎರಡನ್ನೂ ಓದಬೇಕು. ಶಾಲು ಮತ್ತು ರೇಷ್ಮೆಗೆ ಅಂಟುವಾಳದ ರಸ, ಕಲೆಯಾದ ಹತ್ತಿಗೆ ಪರ್ಕಾರ್ಬೊನೇಟ್. ಮುಲಾಮಿನ ಪಾಲು ಎಷ್ಟೋ, ಒಗೆತದ ಪಾಲು ಎಷ್ಟೋ, ಎರಡನೆಯ ತಿಂಗಳ ಕೊನೆಗೆ ಮಗಳ ಕತ್ತಿನ ದದ್ದು ಇಳಿದಿತ್ತು. ಅದೇ ಟವೆಲನ್ನು ಮೊನ್ನೆ ಮತ್ತೆ ಬಿಸಿನೀರಿನಲ್ಲಿ ಕಿವುಚಿ ನೋಡಿದೆ. ಒಂದೆರಡು ಗುಳ್ಳೆ ಎದ್ದು, ನೋಡುತ್ತಿದ್ದಂತೆಯೇ ಒಡೆದುಹೋದವು.