ಆತಂಕಕ್ಕೆ ಮೈಯ ದಾರಿ: ನಾಲ್ಕು ವಿಧಾನಗಳ ಹೋಲಿಕೆ

ಎದೆ ಢವಢವ ಎನ್ನುತ್ತಿರುವಾಗ ‘ಏನೂ ಆಗಲ್ಲ, ಸುಮ್ನಿರು’ ಎಂದರೆ ಮನಸ್ಸು ಕೇಳುವುದಿಲ್ಲ. ಅದಕ್ಕೇ ಮೊದಲು ಮೈಯನ್ನು ಹಿಡಿಯುವ ವಿಧಾನಗಳಿವೆ. ನಾಲ್ಕನ್ನು ಮಾಡಿ ನೋಡಿದರೆ ತಿಳಿಯುವುದಿಷ್ಟು: ಯಾವುದು ಮೇಲು ಎನ್ನುವುದಕ್ಕಿಂತ ಯಾವ ಹೊತ್ತಿಗೆ ಯಾವುದು ಎನ್ನುವುದೇ ಮುಖ್ಯ.

ಮೊದಲನೆಯದು ಸ್ನಾಯುಗಳನ್ನು ಬಿಗಿದು ಸಡಿಲಿಸುವುದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪುಸ್ತಕವಾಗಿ ಕೊಟ್ಟ ಈ ವಿಧಾನಕ್ಕೆ ಆಗ ತಿಂಗಳುಗಟ್ಟಲೆ ಕಲಿಕೆ ಬೇಕಿತ್ತು. ಈಗ ಬಳಕೆಯಲ್ಲಿರುವುದು 1973ರಲ್ಲಿ ಮನಶ್ಶಾಸ್ತ್ರಜ್ಞರಾದ ಬರ್ನ್‌ಸ್ಟೈನ್ ಮತ್ತು ಬೋರ್ಕೊವೆಕ್ ಚಿಕ್ಕದು ಮಾಡಿದ 16 ಭಾಗಗಳ ಕ್ರಮ. ಬಲ ಮುಂಗೈ, ಬಲ ತೋಳು, ಆಮೇಲೆ ಎಡಗಡೆಯವು, ಹಣೆ, ಕಣ್ಣು-ಮೂಗಿನ ಸುತ್ತ, ದವಡೆ, ಕತ್ತು, ಎದೆ-ಭುಜ-ಬೆನ್ನು ಒಟ್ಟಿಗೆ, ಹೊಟ್ಟೆ, ಕೊನೆಗೆ ಒಂದೊಂದು ಕಾಲಿನ ತೊಡೆ, ಮೀನಖಂಡ, ಪಾದ. ಪ್ರತಿ ಭಾಗವನ್ನೂ 5ರಿಂದ 7 ಸೆಕೆಂಡು ಬಿಗಿಯಬೇಕು, ತಟ್ಟನೆ ಬಿಡಬೇಕು, 30ರಿಂದ 40 ಸೆಕೆಂಡು ಆ ಸಡಿಲವನ್ನು ಗಮನಿಸಬೇಕು. ಹೀಗೆ ಎರಡೆರಡು ಸಲ ಮಾಡಿದರೆ ಸುಮಾರು 22 ನಿಮಿಷ ಹಿಡಿಯುತ್ತದೆ.

ಹೆಚ್ಚಿನವರು ಎಡವುವುದು ಮೂರು ಕಡೆ. ಇದ್ದ ಬಲವನ್ನೆಲ್ಲ ಹಾಕಿ ಬಿಗಿಯುತ್ತಾರೆ. ಮುಕ್ಕಾಲು ಬಲ ಸಾಕು. ಪಾದ ಮತ್ತು ಮೀನಖಂಡಕ್ಕೆ ಇನ್ನೂ ಕಡಿಮೆ, ಇಲ್ಲದಿದ್ದರೆ ಸೆಳೆತ ಹಿಡಿಯುತ್ತದೆ. ಬಿಡುವಾಗ ಮೆಲ್ಲಮೆಲ್ಲನೆ ಬಿಡುತ್ತಾರೆ. ಆಗ ಬಿಗಿಗೂ ಸಡಿಲಕ್ಕೂ ಇರುವ ಅಂತರವೇ ಗೊತ್ತಾಗುವುದಿಲ್ಲ, ಆ ಅಂತರವನ್ನು ಗುರುತಿಸುವುದೇ ಇಲ್ಲಿನ ಕಲಿಕೆ. ಇನ್ನು ಕೆಲವರಿಗೆ ಮೈ ಸಡಿಲವಾದ ಕೂಡಲೇ ಆತಂಕ ಏರುತ್ತದೆ, ಹಿಡಿತ ತಪ್ಪಿದಂತೆ ಅನಿಸುತ್ತದೆ. ಇದು ತಜ್ಞರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ, ನಿಮ್ಮೊಬ್ಬರ ದೋಷವಲ್ಲ. ಅಂಥವರು ಮಲಗದೆ ಕುರ್ಚಿಯಲ್ಲಿ ಕೂತು, ಕಣ್ಣು ತೆರೆದೇ, ಕೈಗಳಿಗಷ್ಟೇ ಮಾಡಿದರೆ ಸಾಕು.

ಎರಡನೆಯದು ನಿಟ್ಟುಸಿರು. ಮೂಗಿನಿಂದ ಉಸಿರೆಳೆದು, ಅದರ ಮೇಲೆ ಇನ್ನೊಂದು ಗುಟುಕು ಗಾಳಿ ಎಳೆದು, ಬಾಯಿಂದ ಆದಷ್ಟು ಉದ್ದವಾಗಿ ಬಿಡುವುದು, 5 ನಿಮಿಷ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಗಳ ಕಾಲ ದಿನಾ ಇದನ್ನು ಮಾಡಿದವರ ಮನಸ್ಸಿನ ಉಲ್ಲಾಸ ಧ್ಯಾನ ಮಾಡಿದವರಿಗಿಂತ ಹೆಚ್ಚಿತು. ಆದರೆ ಆತಂಕ ಧ್ಯಾನದ ಗುಂಪಿನಲ್ಲೂ ಇಳಿದಿತ್ತು. ಇದನ್ನು ಹೊಗಳುವವರು ಆ ಮಾತನ್ನು ಬಿಟ್ಟುಬಿಡುತ್ತಾರೆ.

ಗಾಬರಿಗೊಂಡವರಿಗೆ ಸುತ್ತಲಿನವರು ‘ಜೋರಾಗಿ ಉಸಿರೆಳ್ಕೊ’ ಎನ್ನುತ್ತಾರಲ್ಲ, ಅದು ಕೆಡಿಸುತ್ತದೆ. ಆಗಲೇ ಉಸಿರಾಟ ಹೆಚ್ಚಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿರುತ್ತದೆ. ಬೆರಳು, ತುಟಿ ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಇನ್ನಷ್ಟು ಎಳೆದರೆ ಇನ್ನಷ್ಟು ಜುಮ್ಮೆನ್ನುತ್ತದೆ. ಲಕ್ಷ್ಯ ಹೊರಬಿಡುವ ಉಸಿರಿನ ಮೇಲಿರಲಿ, ಏಕೆಂದರೆ ಹೃದಯದ ಬಡಿತ ತಗ್ಗುವುದು ಉಸಿರು ಹೊರಹೋಗುವಾಗ. ಎಣಿಕೆ ತಪ್ಪಿ ಗಡಿಬಿಡಿಯಾಗುವವರಿಗೆ ಭ್ರಾಮರಿ ಸಲೀಸು: ಬಾಯಿ ಮುಚ್ಚಿ ಗುಂಯ್‌ಗುಡುತ್ತ ಬಿಟ್ಟರೆ ಉಸಿರು ತಾನೇ ಉದ್ದವಾಗುತ್ತದೆ. ತುಂಬಿದ ಬಸ್ಸಿನಲ್ಲಿ ಮಾತ್ರ ನಿಟ್ಟುಸಿರೇ ವಾಸಿ.

ಮೂರನೆಯದು ಅಮೆರಿಕದ ಚಿಕಿತ್ಸಕ ಪೀಟರ್ ಲೆವಿನ್ ಹೆಸರಿನ ಜತೆ ಸೇರಿಕೊಂಡಿರುವ, ಮೈಯ ಅನುಭವವನ್ನು ಹಿಂಬಾಲಿಸುವ ಚಿಕಿತ್ಸೆ. ಗಂಟಲು ಕಟ್ಟಿದಂತಿದ್ದರೆ ಅದನ್ನು ಹತ್ತು ಸೆಕೆಂಡು ಗಮನಿಸಿ, ಆಮೇಲೆ ಮೈಯಲ್ಲಿ ಏನೂ ತೊಂದರೆಯಿಲ್ಲದ ಜಾಗಕ್ಕೆ, ಹಿಮ್ಮಡಿಗೋ ಅಂಗೈಗೋ ಗಮನ ತಂದು ಅಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಇರಬೇಕು. ಮತ್ತೆ ಗಂಟಲು, ಮತ್ತೆ ಹಿಮ್ಮಡಿ. ಬಿಗಿಯಾದ ಜಾಗದಲ್ಲೇ ಬೀಡುಬಿಟ್ಟರೆ ಕೆಟ್ಟಿತು, ಆತಂಕ ಬೆಳೆಯುತ್ತದೆ. ತನ್ನ ಎದೆಬಡಿತಕ್ಕೇ ಹೆದರುವವರು ಇದರಿಂದ ಶುರುಮಾಡಬಾರದು. ಹಳೆಯ ಆಘಾತ ಇರುವವರು ತರಬೇತಾದ ಚಿಕಿತ್ಸಕರ ಎದುರಿಗೇ ಮಾಡಬೇಕು. ಜೇಕಬ್ಸನ್ ವಿಧಾನದ ಹಿಂದಿರುವಷ್ಟು ಸಂಶೋಧನೆ ಇದರ ಹಿಂದಿಲ್ಲ. ದುಡ್ಡೂ ಹೆಚ್ಚು ಬೇಕು.

ನಾಲ್ಕನೆಯದು ತಣ್ಣೀರು: ಉಸಿರು ಹಿಡಿದು, ಬೇಸಿನ್ನಿನ ತಣ್ಣೀರಲ್ಲಿ ಕಣ್ಣು, ಕೆನ್ನೆ ಮುಳುಗುವಂತೆ 15ರಿಂದ 30 ಸೆಕೆಂಡು. ನೀರಿಗಿಳಿದಾಗಿನ ಸಹಜ ಪ್ರತಿಕ್ರಿಯೆಯಿಂದ ಬಡಿತ ತಗ್ಗುತ್ತದೆ, ಆದರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೂಡಲೇ ನಿಟ್ಟುಸಿರು ಶುರುಮಾಡಬೇಕು. ಹೃದಯದ ತೊಂದರೆ ಇರುವವರಿಗೆ ಇದು ಬೇಡ.

ಒಬ್ಬರೇ ಮನೆಯಲ್ಲಿ ಶುರುಮಾಡುವುದಾದರೆ ನಮ್ಮ ಆಯ್ಕೆ ಜೇಕಬ್ಸನ್, ಅದೂ ಆತಂಕ ಇಲ್ಲದ ಹೊತ್ತಿನಲ್ಲಿ, ದಿನಕ್ಕೊಮ್ಮೆ, ಕೆಲವು ವಾರ. ಕಲಿಯದೆ ಗಾಬರಿಯ ಮಧ್ಯೆ 16 ಭಾಗ ನೆನಪಿಸಿಕೊಳ್ಳಲು ಹೊರಟರೆ ಅದೇ ಇನ್ನೊಂದು ಗಾಬರಿ. ಆ ಗಳಿಗೆಗೆ ನಿಟ್ಟುಸಿರು ಇದೆ. ಎದೆನೋವು ಮೊದಲ ಸಲ ಬಂದಿದ್ದರೆ ಇವ್ಯಾವುದೂ ಅಲ್ಲ, ನೇರ ಆಸ್ಪತ್ರೆ. ಬಡಿತ ಸದಾ ಜೋರಾಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ದಿನಕ್ಕೆಷ್ಟು ಲೋಟ ಕಾಫಿ ಎಂದು ಎಣಿಸಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.